ಕಣ್ಣಿಂದ ಎಣಿಸು

ನಮ್ಮೂರಿನಲ್ಲಿ ಗಂಡ ಹೆಂಡತಿ ಇಬ್ಬರೇ ನಿಂತು ಫೋಟೋ ತೆಗೆಸಿಕೊಳ್ಳುವ ಪದ್ಧತಿ ಇಲ್ಲ. ಇಬ್ಬರೇ ಇದ್ದರೆ, ಫೋಟೋ ತೊಳೆಯುವಾಗ ಅವರಲ್ಲಿ ಒಬ್ಬರ ಮುಖವಂತೂ ಕಡೆಗೆ ಬರಲೇಬೇಕಲ್ಲ. ಅದಕ್ಕೇ ಅತ್ತೆಯನ್ನೋ ನಾದಿನಿಯನ್ನೋ ಸೋದರಮಾವನನ್ನೋ ಬಲವಂತವಾಗಿ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕರೆಸಿಕೊಂಡವರಿಗೂ ತಮ್ಮನ್ನು ಯಾಕೆ ಕರೆದರೆಂದು ಗೊತ್ತಿರುತ್ತದೆ. ಎಲ್ಲರೂ ಮುಖ ಬಿಗಿದುಕೊಂಡು ನಿಂತಿರುವಾಗ "ಸ್ವಲ್ಪ ನಗಿ" ಎಂದು ಹೇಳಬೇಕಾದವಳು ನಾನು.

ನನ್ನ ಹೆಸರು ದಮಯಂತಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮಪ್ಪ ನಂಜುಂಡಾಚಾರಿ ಶುರು ಮಾಡಿದ ಫೋಟೋ ಸ್ಟುಡಿಯೋವನ್ನು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದೇನೆ. ಮುಂದಿನ ಕೋಣೆಯಲ್ಲಿ ಗ್ರಾಹಕರು ಕೂರುವ ಬೆಂಚು, ಗೋಡೆಗೆ ಒಂದು ಕನ್ನಡಿ, ಅದರ ಕೆಳಗಿನ ಹಲಗೆಯ ಮೇಲೆ ಬಾಚಣಿಗೆ ಮತ್ತು ಪೌಡರ್ ಡಬ್ಬಿ. ದೀಪದ ಬಿಸಿಗೆ ಮುಖ ಬೆವೆತು ಮಿರುಗುತ್ತದೆ, ಅದಕ್ಕೆ ಪೌಡರ್. ನಡುವಿನ ಕೋಣೆಯಲ್ಲಿ ಕ್ಯಾಮೆರಾ. ಹಿಂದೆ ಫೋಟೋ ತೊಳೆಯುವ ಕತ್ತಲೆ ಕೋಣೆ. ಅಲ್ಲಿ ಕೆಂಪು ದೀಪದ ಕೆಳಗೆ ಕಾಗದವನ್ನು ಡೆವಲಪರ್ ತಟ್ಟೆಯಲ್ಲಿ ಮುಳುಗಿಸಿದರೆ ನಮ್ಮೂರಿನವರ ಮುಖಗಳು ಒಂದೊಂದಾಗಿ ಮೇಲೆ ಬರುತ್ತವೆ. ಎಲ್ಲರಿಗಿಂತ ಕಡೆಗೆ ಬರುವ ಮುಖ, ಏನನ್ನೋ ಮುಚ್ಚಿಟ್ಟುಕೊಂಡವರದು. ಒಂದು ನಿಮಿಷ ಕಳೆದರೆ ಎಲ್ಲ ಮುಖಗಳೂ ಒಂದೇ ಸಮ ಆಗಿಬಿಡುತ್ತವೆ, ಆಮೇಲೆ ಫೋಟೋ ನೋಡಿ ಯಾರೂ ಏನನ್ನೂ ಹೇಳಲಾಗದು. ಹಾಗಾಗಿ ತಟ್ಟೆಯ ಮುಂದೆ ನಿಂತವರ ಮಾತೇ ಮಾತು. ಒಳಗೆ ಒಬ್ಬರೇ ಇರಬೇಕೆಂಬುದು ಊರಿನ ಕಟ್ಟು. ಇಬ್ಬರಿದ್ದರೆ ಎರಡು ಹೆಸರು ಹೊರಗೆ ಬಂದು ಹೊಡೆದಾಟವಾಗುತ್ತದೆ.

ಹೆಸರು ಬಿದ್ದವರನ್ನು ಊರು ಬೈಯುವುದಿಲ್ಲ, ಹೊಡೆಯುವುದಿಲ್ಲ. ಅವರನ್ನು ಇನ್ನು ಯಾರ ಫೋಟೋದಲ್ಲೂ ನಿಲ್ಲಿಸಿಕೊಳ್ಳುವುದಿಲ್ಲ, ಅಷ್ಟೇ. ಫೋಟೋ ಇಲ್ಲದೆ ನಮ್ಮಲ್ಲಿ ನಿಶ್ಚಿತಾರ್ಥ ಇಲ್ಲ, ಮದುವೆ ಇಲ್ಲ, ನಾಮಕರಣ ಇಲ್ಲ. ಅಂಥವರನ್ನು 'ಆಚೆಯವರು' ಎನ್ನುತ್ತಾರೆ. ಇನ್ನೊಂದು ವಿಚಿತ್ರವೆಂದರೆ, ನಮ್ಮೂರಿನಲ್ಲಿ ಬೆಳ್ಳಗಿರುವವರನ್ನು ಕಂಡರೆ ಜನಕ್ಕೆ ಒಳಗೊಳಗೇ ಅನುಮಾನ. ಹುಡುಗಿ ಬೆಳ್ಳಗಿದ್ದಾಳೆ ಎಂದರೆ ಗಂಡಿನ ಕಡೆಯವರು ಇನ್ನೆರಡು ಮನೆ ನೋಡಿ ಬರೋಣ ಎನ್ನುತ್ತಾರೆ. ಇಪ್ಪತ್ತು ವರ್ಷಗಳಿಂದೀಚೆಗೆ ಬೆಳ್ಳಗಿರುವವರೇ ಹೆಚ್ಚಾಗಿ ಕಡೆಗೆ ಬಂದಿದ್ದಾರೆ. ಯಾಕೆ ಎಂದು ನಾನೂ ಕೇಳಿಕೊಂಡವಳಲ್ಲ.

ನನಗೆ ಅನುಮಾನ ಹುಟ್ಟುಗುಣ. ಹಾಲಿನವಳು ನಕ್ಕರೆ ಪಾತ್ರೆಯೊಳಗೆ ಇಣುಕುತ್ತೇನೆ. ಈ ಕೆಲಸಕ್ಕೆ ಇಂಥ ಬುದ್ಧಿಯೇ ಸರಿ ಎಂದು ಅಪ್ಪ ಹೇಳುತ್ತಿದ್ದರು. ಅವರು ಮಾತು ಕಡಿಮೆಯ ಮನುಷ್ಯ. ಕಡೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದಾಗ ನನ್ನನ್ನು ಹತ್ತಿರ ಕರೆದು "ಕಣ್ಣಿಂದ ಎಣಿಸು, ದಮ್ಮೂ" ಎಂದರು. ತಟ್ಟೆಯಲ್ಲಿ ಮುಖಗಳು ಬರುವಾಗ ಅಂಚಿನ ಮೇಲೆ ಬೆರಳು ಕುಟ್ಟಿ ಎಣಿಸುವುದು ನನ್ನ ಅಭ್ಯಾಸವಾಗಿತ್ತು. ಬೆರಳು ಬಿಟ್ಟು ಕಣ್ಣಲ್ಲೇ ಎಣಿಸಬೇಕೆಂದು ಹೇಳುತ್ತಿದ್ದಾರೆ ಅಂದುಕೊಂಡು, ಅವತ್ತಿನಿಂದ ಬೆರಳು ಕುಟ್ಟುವುದನ್ನು ಬಿಟ್ಟೆ. ಅಪ್ಪನ ಮಾತು ನಡೆಸಿಕೊಟ್ಟೆ ಎಂಬ ಸಮಾಧಾನದಲ್ಲಿ ಇಪ್ಪತ್ತೆರಡು ವರ್ಷ ಕಳೆದೆ.

ನನ್ನ ಮಗಳು ಇಂದುಮತಿಯ ನಿಶ್ಚಿತಾರ್ಥ ಹೋದ ತಿಂಗಳು ಗೊತ್ತಾಯಿತು. ಹುಡುಗನ ಹೆಸರು ಸೋಮಶೇಖರ, ರೈಸ್‌ಮಿಲ್ಲಿನಲ್ಲಿ ಮೆಕ್ಯಾನಿಕ್. ಇಂದುವಿನ ಅಪ್ಪ ತೀರಿಕೊಂಡು ಬಹಳ ವರ್ಷವಾಗಿದೆ, ಎಲ್ಲದಕ್ಕೂ ನಾನೊಬ್ಬಳೇ. ಎರಡೂ ಮನೆಯವರು ಸ್ಟುಡಿಯೋದಲ್ಲಿ ಸೇರಿದೆವು, ಒಟ್ಟು ಹದಿನೇಳು ಜನ. ಇಂದುವಿನ ಮುಖ ಎಣ್ಣೆಗೆಂಪು, ಆದ್ದರಿಂದ ನನಗೆ ಧೈರ್ಯವೇ ಇತ್ತು. ಆದರೂ ದೀಪದ ಕೆಳಗೆ ಮುಖ ಮಿರುಗಬಾರದೆಂದು ಕನ್ನಡಿಯ ಮುಂದೆ ಕೂರಿಸಿ ನಾನೇ ಕೈಯಾರೆ ಪೌಡರ್ ಬಡಿದೆ. "ಸಾಕಮ್ಮ, ಹಿಟ್ಟಿನ ಗಿರಣಿಯಿಂದ ಎದ್ದು ಬಂದೋಳ ಥರ ಆಗಿದೀನಿ" ಎಂದಳು. ಮಾತಾಡದೆ ಕೂರು ಎಂದು ಗದರಿಸಿದೆ.

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕ್ಯಾಮೆರಾದ ಹಿಂದೆ ಹೋಗುವಾಗ ಹುಡುಗನ ಸೋದರತ್ತೆ ಗಿರಿಜಾಂಬ ನನ್ನನ್ನು ತಡೆದರು. ಆಕೆಯ ಎದುರು ನನ್ನ ಅನುಮಾನ ಏನೇನೂ ಅಲ್ಲ.

"ನೀವೂ ಬಂದು ನಿಂತ್ಕೊಳ್ಳಿ ಬೀಗಿತ್ತಿ. ಹುಡುಗಿ ತಾಯಿನೇ ಇಲ್ದೆ ಇದೆಂಥ ಫೋಟೋ?"

"ಕ್ಯಾಮೆರಾ ಯಾರು ನೋಡ್ತಾರೆ?"

"ತಾನಾಗೇ ತೆಗೆಯೋ ಕೀಲಿ ಇದೆಯಂತಲ್ಲ. ನಮ್ಮ ಸೋಮು ಹೇಳ್ದ."

ಇತ್ತು. ಯಾವತ್ತೂ ಬಳಸಿರಲಿಲ್ಲ. ಹುಟ್ಟಿದಾಗಿನಿಂದ ನಾನು ಯಾರ ಗುಂಪಿನ ಫೋಟೋದಲ್ಲೂ ನಿಂತವಳಲ್ಲ, ಚಿಕ್ಕಂದಿನಲ್ಲಿ ಅಪ್ಪ ನಿಲ್ಲಿಸುತ್ತಿರಲಿಲ್ಲ, ಸ್ಟುಡಿಯೋದವರ ಮಗಳೆಂದು ನನ್ನ ಮದುವೆಗೂ ಫೋಟೋ ಬಿಟ್ಟುಕೊಟ್ಟಿದ್ದರು, ಆಮೇಲೆ ಕ್ಯಾಮೆರಾ ಹಿಂದೆಯೇ ಆಯಿತು. ಈಗ ಒಲ್ಲೆ ಎಂದರೆ ಆ ಒಲ್ಲೆ ಎಂಬ ಮಾತನ್ನೇ ಅವರು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಕೀಲಿ ತಿರುಗಿಸಿ ಓಡಿ ಬಂದು ಇಂದುವಿನ ಎಡಕ್ಕೆ ನಿಂತೆ.

ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡು ನೆಗೆಟಿವ್ ತೊಳೆದು ಒಣಗಿಸಿ ಕಾಗದಕ್ಕೆ ಬೆಳಕು ತೋರಿಸುವ ಹೊತ್ತಿಗೆ ಹೊರಗೆ ಎರಡು ಸುತ್ತು ಕಾಫಿ ಮುಗಿದಿತ್ತು. ಕಾಗದವನ್ನು ತಟ್ಟೆಗೆ ಬಿಟ್ಟೆ. ಮೊದಲು ಹುಡುಗನ ತಂಗಿ, ಆಮೇಲೆ ಹುಡುಗ, ಆಮೇಲೆ ಗಿರಿಜಾಂಬ. ಆಕೆ ಇಷ್ಟು ಬೇಗ ಬಂದದ್ದು ನೋಡಿ ನನಗೆ ಸ್ವಲ್ಪ ನಿರಾಶೆಯೂ ಆಯಿತು. ಹದಿನೈದು, ಹದಿನಾರು. ಹದಿನಾರು ಮುಖ ತುಂಬಿ ಬಂದ ಮೇಲೂ ನಡುವೆ ಒಂದು ಮುಖ ಇನ್ನೂ ಬಿಳಿಯಾಗಿಯೇ ಇತ್ತು. ಅದು ನನ್ನ ಮಗಳ ಜಾಗ. ಕೆನ್ನೆ, ಹಣೆ, ಗಲ್ಲ ನಿಧಾನವಾಗಿ ಮೂಡಿ ಕಡೆಗೆ ಇಂದು ಬಂದಳು.

ಸ್ಟೂಲಿನ ಮೇಲೆ ಕೂತೆ. ಮಗಳ ಮೇಲೆ ಮರುಕ ಬರುವ ಮೊದಲು ಬಂದದ್ದು ಅನುಮಾನವೇ, ಅದನ್ನು ಮುಚ್ಚಿಡುವುದಿಲ್ಲ. ಗುರುವಾರ ಗುರುವಾರ ಲೈಬ್ರರಿಗೆ ಹೋಗಿ ತಡವಾಗಿ ಬರುತ್ತಿದ್ದಳಲ್ಲ, ಅದು ಲೈಬ್ರರಿಗೇನಾ? ಹುಡುಗ ಒಪ್ಪಿಗೆಯೇ ಎಂದಾಗ ಕಿಟಕಿ ಕಡೆ ನೋಡುತ್ತಾ ಹೂಂ ಎಂದದ್ದು ಯಾಕೆ? ಹೆತ್ತ ಮಗಳನ್ನು ಒಂದೇ ನಿಮಿಷದಲ್ಲಿ ಕಳ್ಳಿ ಮಾಡಿ ನಿಲ್ಲಿಸಿದೆ. ಹೊರಗಿನಿಂದ ಗಿರಿಜಾಂಬ ಬಾಗಿಲು ತಟ್ಟಿದರು.

"ಯಾರು ಬೀಗಿತ್ತಿ, ಕಡೆಗೆ?"

"ಕಾಗದ ಸರಿ ಬರಲಿಲ್ಲ. ಇನ್ನೊಂದು ತೊಳೀತಿದೀನಿ" ಎಂದೆ.

ಈ ಹೆಸರು ಹೊರಗೆ ಬಿದ್ದರೆ ಇಂದುವಿನ ಮದುವೆ ಇಲ್ಲಿಗೆ ಮುಗಿಯಿತು. ಈ ಮದುವೆ ಮಾತ್ರವಲ್ಲ, ಯಾವ ಮದುವೆಯೂ ಇಲ್ಲ. ಬೇರೆ ಹೆಸರು ಹೇಳಿಬಿಡಲೇ ಎಂದು ಯೋಚಿಸಿದೆ. ಹುಡುಗನ ದೊಡ್ಡಪ್ಪ ಒಬ್ಬರಿದ್ದರು, ಕಿವಿ ಮಂದ, ಯಾರ ತಂಟೆಗೂ ಹೋಗದವರು. ಆ ಹೆಸರು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಬೆವರು ಒರೆಸಿಕೊಳ್ಳಲು ಕೈ ಮುಖದ ಹತ್ತಿರ ತಂದಾಗ ಪೌಡರಿನ ವಾಸನೆ ಹೊಡೆಯಿತು.

ಆ ವಾಸನೆಗೆ ನನಗೆ ಅಂಬುಜ ನೆನಪಾದಳು. ನೆನಪಾದಳು ಎಂದರೆ ಸುಳ್ಳು, ಅವಳನ್ನು ನಾನು ಮರೆತದ್ದೇ ಇಲ್ಲ. ಒಂಬತ್ತು ವರ್ಷದ ಹಿಂದೆ ಹೊಲಿಗೆ ಶಾಲೆಯ ಟೀಚರಮ್ಮನ ಬೆಂಡೋಲೆ ಮೇಜಿನ ಡ್ರಾಯರಿನಿಂದ ಕಳೆದುಹೋಯಿತು. ಟೀಚರಮ್ಮ ತಮ್ಮ ಹದಿನಾಲ್ಕು ಹುಡುಗಿಯರನ್ನೂ ಫೋಟೋಕ್ಕೆ ಕರೆತಂದರು. ಅಂಬುಜ ತಡವಾಗಿ ಓಡಿಬಂದವಳು ಕನ್ನಡಿಯ ಮುಂದೆ ನಿಂತು ಬೆವರು ಒರೆಸಿ, ಧಾರಾಳವಾಗಿ ಪೌಡರ್ ಬಳಿದುಕೊಂಡಳು. ಅವಳಿಗೆ ಮದುವೆ ಗೊತ್ತಾಗಿ ವಾರವಾಗಿತ್ತಷ್ಟೆ, ಚೆನ್ನಾಗಿ ಕಾಣಬೇಕೆಂಬ ಆಸೆ. ತಟ್ಟೆಯಲ್ಲಿ ಅವಳೇ ಕಡೆಗೆ ಬಂದಳು. ಬಾಗಿಲು ತೆಗೆದು "ಅಂಬುಜ" ಎಂದೆ. ಗೊತ್ತಾದ ಮದುವೆ ಮುರಿಯಿತು. ಈಗ ಅವಳು ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಾಕುತ್ತಾಳೆ. ಆಚೆಯವರ ಮನೆಯೊಳಗೆ ಕಾಲಿಡುವುದನ್ನು ಯಾರೂ ನೋಡಬಾರದೆಂದು ಹೆಂಗಸರು ಕಿಟಕಿಯಿಂದಲೇ ಸೀರೆ ಕೊಟ್ಟು ಕಿಟಕಿಯಿಂದಲೇ ತೆಗೆದುಕೊಳ್ಳುತ್ತಾರೆ.

ಅವತ್ತು ಎಲ್ಲರೂ ಹೋದ ಮೇಲೆ ಪೌಡರ್ ಡಬ್ಬಿಯ ಮುಚ್ಚಳ ಹಾಕುವಾಗ ನನ್ನೊಳಗೆ ಒಂದು ಹುಳ ಅಲುಗಾಡಿತ್ತು. ಡಬ್ಬಿ ಅರ್ಧ ಖಾಲಿಯಾಗಿತ್ತು. ನಾನು ಮುಚ್ಚಳ ಹಾಕಿದೆ. ಆ ನೆಗೆಟಿವನ್ನು ಉಳಿದವುಗಳ ಜೊತೆ ಇಡದೆ ಬೇರೆಯಾಗಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಮಾರ್ಕೆಟ್ಟಿಗೆ ಹೋಗಲು ಅಂಬುಜಳ ಬೀದಿ ಬಿಟ್ಟು ಸುತ್ತಿನ ದಾರಿ ಹಿಡಿದೆ. ಇಷ್ಟೆಲ್ಲ ಮಾಡಿಯೂ ಯಾಕೆ ಮಾಡುತ್ತಿದ್ದೇನೆಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಊರಿನವರನ್ನೆಲ್ಲ ಅನುಮಾನಿಸಲು ಪುರುಸೊತ್ತಿತ್ತು, ನನ್ನನ್ನು ಅನುಮಾನಿಸಲು ಇರಲಿಲ್ಲ.

ಸ್ಟೂಲಿನ ಮೇಲೆ ಕೂತಿದ್ದಾಗಲೇ ಅಪ್ಪನ ಮಾತು ಇನ್ನೊಂದು ಥರ ಕೇಳಿಸಿತು. ಕಣ್ಣಿಂದ ಎಣಿಸು. ಕಣ್ಣಿನಿಂದ ಶುರು ಮಾಡಿ ಎಣಿಸು. ತಟ್ಟೆಯಲ್ಲಿ ಕಪ್ಪು ಮೊದಲು ಬರುತ್ತದೆ, ಬಿಳಿ ಕಡೆಗೆ ಬರುತ್ತದೆ, ಇದು ಈ ಕೆಲಸ ಕಲಿತ ಮೊದಲ ದಿನವೇ ಗೊತ್ತಾಗುವ ಸಂಗತಿ. ಬೆಳ್ಳಗಿರುವವರ ಕೆನ್ನೆ, ಪೌಡರ್ ಹಚ್ಚಿದವರ ಕೆನ್ನೆ ತಡವಾಗಿಯೇ ಬರುತ್ತದೆ. ಕಣ್ಣಿನ ಪಾಪೆ ಮಾತ್ರ ಎಲ್ಲರದ್ದೂ ಕಪ್ಪೇ. ಅಪ್ಪ ಕಣ್ಣು ಮೂಡುವುದನ್ನು ಲೆಕ್ಕ ಹಿಡಿಯುತ್ತಿದ್ದರು. ಕಣ್ಣು ನೋಡದೆ, ಕೆನ್ನೆ ಹಣೆ ತುಂಬುವ ತನಕ ಕಾದು ನಾನು ಎಣಿಸುತ್ತಿದ್ದೆ.

ಇನ್ನೊಂದು ಕಾಗದವನ್ನು ತಟ್ಟೆಗೆ ಬಿಟ್ಟೆ. ಈ ಸಲ ಕೆನ್ನೆ, ಹಣೆ ಏನನ್ನೂ ನೋಡಲಿಲ್ಲ. ಮೊದಲ ಜೋಡಿ ಹುಡುಗನ ತಂಗಿಯದು, ಎರಡನೆಯದು ಹುಡುಗನದು. ಮೂರನೆಯ ಜೋಡಿ ಕಣ್ಣು ಇಂದುವಿನದು. ಮುಖ ಇನ್ನೂ ಇಲ್ಲದ ಬಿಳಿಯ ಮೇಲೆ ಅವಳ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಬಾಯಿಗೆ ಸೆರಗು ಅಡ್ಡ ಹಿಡಿದು ಅತ್ತುಬಿಟ್ಟೆ. ಅಳುತ್ತಲೇ ಎಣಿಸಿದೆ. ಹದಿನಾರು ಜೋಡಿ ಬಂದವು. ಇಂದುವಿನ ಎಡಗಡೆ ಕಪ್ಪು ಕೂದಲು, ಕಪ್ಪಂಚಿನ ಸೀರೆ, ಗೋಧಿ ಬಣ್ಣದ ಕೆನ್ನೆ ಎಲ್ಲ ಮೂಡಿದ್ದ ಒಂದು ಮುಖದಲ್ಲಿ ಕಣ್ಣಿನ ಜಾಗ ಮಾತ್ರ ಖಾಲಿ ಇತ್ತು. ಅದು ನನ್ನ ಮುಖ.

ಬಿಸ್ಕತ್ತಿನ ಡಬ್ಬಿ ಇಳಿಸಿ ಹೊಲಿಗೆ ಶಾಲೆಯ ನೆಗೆಟಿವಿನಿಂದಲೂ ಒಂದು ಕಾಗದ ತೊಳೆದೆ. ಅಂಬುಜಳ ಕಣ್ಣು ನಾಲ್ಕನೆಯದು. ಇನ್ನೊಂದೆರಡು ಜೋಡಿ ಬಾಕಿ ಇರುವಾಗಲೇ ಕಾಗದವನ್ನು ಮಗುಚಿ ಹಾಕಿದೆ. ಕಡೆಯದು ಯಾರದು ಎಂದು ನನಗೆ ಗೊತ್ತಾಗಬೇಕಿರಲಿಲ್ಲ, ಹೆಸರು ಹೇಳಿದ್ದು ಸಾಕಾಗಿತ್ತು.

ಬಾಗಿಲು ತೆಗೆದಾಗ ಹದಿನಾರು ಜನವೂ ಎದ್ದು ನಿಂತರು.

"ನಾನೇ" ಎಂದೆ.

ಗಿರಿಜಾಂಬ ಕಣ್ಣು ಕಿರಿದು ಮಾಡಿದರು. "ಏನ್ ಮುಚ್ಚಿಟ್ಟಿದೀರಿ?"

ಎಲ್ಲವನ್ನೂ ಹೇಳಿದೆ. ಪೌಡರ್, ಕಣ್ಣು, ಅಂಬುಜ, ಬಿಸ್ಕತ್ತಿನ ಡಬ್ಬಿ, ಮೊದಲ ಸಲ ಇಂದು ಕಡೆಗೆ ಬಂದದ್ದು, ಎಲ್ಲ. ಹುಡುಗನ ತಂದೆ ತಗ್ಗಿದ ದನಿಯಲ್ಲಿ, "ನನ್ನ ತಮ್ಮನ ಹೆಸರು ಹೇಳಿದ್ದೂ ನೀವೇ. ಹನ್ನೊಂದು ವರ್ಷ ಆಯ್ತು, ಊರು ಬಿಟ್ಟು ಹೋದ. ಅವನು ಬೆಳ್ಳಗಿದ್ದ" ಎಂದರು. ಹಳೆಯ ನೆಗೆಟಿವ್ ಎಲ್ಲವನ್ನೂ ಮತ್ತೆ ಕಾಗದಕ್ಕೆ ಇಳಿಸಿ ನೋಡುತ್ತೇನೆ ಎಂದೆ. "ಯಾರು ನೋಡೋದು? ನೀವೇನಾ?" ಎಂದು ಗಿರಿಜಾಂಬ ಕೇಳಿದರು. ಆ ಮಾತು ಸರಿಯಾಗಿಯೇ ಇತ್ತು.

ಸೋಮಶೇಖರ ಮಾತ್ರ ಇಂದುವಿನ ಕಡೆ ತಿರುಗಿ, "ನನಗೆ ಫೋಟೋ ಬೇಡ, ಇವಳು ಸಾಕು" ಎಂದ. ಮದುವೆ ನಿಲ್ಲಲಿಲ್ಲ. ಮದುವೆಯ ಫೋಟೋದಲ್ಲಿ ನಾನು ನಿಲ್ಲಕೂಡದು ಎಂಬುದೊಂದೇ ಗಿರಿಜಾಂಬ ಹಾಕಿದ ಷರತ್ತು. ಹೇಗೂ ನಾನು ನಿಲ್ಲುವ ಜಾಗ ಕ್ಯಾಮೆರಾದ ಹಿಂದೆ.

ಅವರೆಲ್ಲ ಹೋದ ಮೇಲೆ ಇಂದು ಕನ್ನಡಿಯ ಮುಂದೆ ಕೂತು ಒದ್ದೆ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಮೊದಲನೇ ಸಲ ನಾನೇ ಕಡೆಗೆ ಬಂದಾಗ ನಂಬಿದ್ಯಾ ಅಮ್ಮ?"

ಪೌಡರ್ ಡಬ್ಬಿಯ ಮುಚ್ಚಳ ಹಾಕಿದೆ.

"ಎಷ್ಟು ಹೊತ್ತು?"

"ಸ್ವಲ್ಪ ಹೊತ್ತು" ಎಂದೆ. ಅವಳು ಬಟ್ಟೆಯನ್ನು ಹಿಂಡಿ ಮತ್ತೆ ಮುಖ ಒರೆಸಿಕೊಂಡಳು, ಇನ್ನೇನೂ ಕೇಳಲಿಲ್ಲ. ಆ ಸ್ವಲ್ಪ ಹೊತ್ತು ನಮ್ಮಿಬ್ಬರ ನಡುವೆ ಈಗಲೂ ಇದೆ.

ಮೂರನೆಯ ದಿನ ಅಂಬುಜಳ ಬೀದಿಗೆ ಹೋದೆ. ಅವಳು ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದಳು. ತಲೆ ಎತ್ತದೆ "ಸೀರೆಯಾ?" ಎಂದಳು.

"ಸೀರೆ ಅಲ್ಲ ಅಂಬುಜ. ನಾನು ದಮಯಂತಿ."

ಸೂಜಿ ನಿಂತಿತು. ಊರಿನಲ್ಲಿ ಹರಡಿದ್ದ ಸುದ್ದಿ ಆ ಕಿಟಕಿಗೂ ಬಂದಿರಬೇಕು, ಆದರೂ ನಾನು ಪೂರ್ತಿ ಹೇಳುವ ತನಕ ಕೇಳಿದಳು. ಆಮೇಲೆ ದಾರವನ್ನು ಹಲ್ಲಿನಲ್ಲಿ ಕಡಿದು, "ನಾನಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು.

"ಮೊನ್ನೆ."

"ಮೊನ್ನೆನಾ?"

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು.

"ಅನುಮಾನ ಅವತ್ತೇ ಬಂದಿತ್ತು" ಎಂದೆ.

"ಹಾಂ. ಅದನ್ನ ಹೇಳಿ."

ತಪ್ಪಾಯಿತು ಎಂದೆ. ಅವಳು ಆ ಮಾತನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸೀರೆಯನ್ನು ಮಡಿಚಿ ಬದಿಗಿಟ್ಟು, "ನಾಳೆ ಬೆಳಗ್ಗೆ ಬರ್ತೀನಿ. ನಾವಿಬ್ಬರೇ ಒಂದು ಫೋಟೋ ತೆಗೆಸ್ಕೊಳ್ಳೋಣ. ತೊಳೆಯೋದು ನಾನು" ಎಂದಳು.

ಇಬ್ಬರೇ ಇರುವ ಫೋಟೋ. ನಮ್ಮೂರಿನಲ್ಲಿ ಅಣ್ಣ ತಮ್ಮಂದಿರೂ ಅದಕ್ಕೆ ಒಪ್ಪುವುದಿಲ್ಲ. ಆದರೆ ಅವತ್ತು ಅವಳು ಬಾವಿಗೆ ಹಾರು ಎಂದಿದ್ದರೂ ಯಾವ ಬಾವಿ ಎಂದು ಕೇಳುತ್ತಿದ್ದೆನೇನೋ.

ಮಾರನೆಯ ಬೆಳಗ್ಗೆ ಅವಳು ಬೀದಿಯವರೆಲ್ಲ ನೋಡುವಂತೆ ನಡುರಸ್ತೆಯಲ್ಲಿ ನಡೆದು ಬಂದಳು. ಕನ್ನಡಿಯ ಮುಂದೆ ನಿಂತು ಪೌಡರ್ ಡಬ್ಬಿ ತೆಗೆದುಕೊಂಡಳು. ತಾನು ಹಚ್ಚಿಕೊಳ್ಳಲಿಲ್ಲ. ನನ್ನ ಗಲ್ಲ ಹಿಡಿದು ಕೆನ್ನೆಗೆ, ಹಣೆಗೆ, ಮೂಗಿಗೆ ಚೆನ್ನಾಗಿ ಬಡಿದಳು. "ಬೆವರ್ತಿದೀರಿ" ಎಂದಳು. ನಿಜವಾಗಿಯೂ ಬೆವರುತ್ತಿದ್ದೆ. ಕೀಲಿ ತಿರುಗಿಸಿ ಓಡಿಹೋಗಿ ಅವಳ ಪಕ್ಕ ನಿಂತೆ. ಅವಳ ತೋಳು ನನ್ನ ತೋಳಿಗೆ ತಾಗುತ್ತಿತ್ತು.

ನೆಗೆಟಿವ್ ತೊಳೆದು, ಕಾಗದಕ್ಕೆ ಬೆಳಕು ತೋರಿಸಿ ಕಪ್ಪು ಹಾಳೆಯಲ್ಲಿ ಸುತ್ತಿಕೊಟ್ಟೆ. ಅವಳು ಮಾಡಬೇಕಾದದ್ದು ಸುಲಭದ ಕೆಲಸ: ಮೊದಲ ತಟ್ಟೆಗೆ ಬಿಟ್ಟು ಒಂದು ನಿಮಿಷ, ಎರಡನೆಯದರಲ್ಲಿ ಅದ್ದಿ ತೆಗೆದು ಮೂಡಿದ್ದನ್ನು ಹಾಗೇ ನಿಲ್ಲಿಸುವ ಹೈಪೋ ಇರುವ ಮೂರನೆಯದಕ್ಕೆ. "ಕಣ್ಣಿಂದ ಎಣಿಸು" ಎಂದು ಹೇಳಿದೆ. "ಎರಡೇ ಜೋಡಿ ಅಲ್ವಾ, ಅಷ್ಟು ಲೆಕ್ಕ ಬರುತ್ತೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಗ್ರಾಹಕರ ಬೆಂಚಿನ ಮೇಲೆ ಕೂತೆ. ನನ್ನದೇ ಅಂಗಡಿಯ ಆ ಬೆಂಚಿನ ಮೇಲೆ ನಾನು ಕೂತದ್ದು ಅದೇ ಮೊದಲು. ಅದಕ್ಕೊಂದು ಕಾಲು ಗಿಡ್ಡ, ಕೂತವರು ಅಲುಗಿದರೆ ಟಕ್ ಎನ್ನುತ್ತದೆ. ಇಷ್ಟು ವರ್ಷ ಒಳಗಿನಿಂದ ಆ ಸದ್ದು ಕೇಳಿ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಒಳಗೆ ನೀರು ಅಲುಗಿದ ಸದ್ದು, ಆಮೇಲೆ ಏನೂ ಇಲ್ಲ. ಒಂದು ನಿಮಿಷದ ಕೆಲಸಕ್ಕೆ ಇಷ್ಟು ಹೊತ್ತೇ? ಅವಳು ನೋಡುತ್ತಿದ್ದಾಳೋ, ಸುಮ್ಮನೆ ನಿಂತಿದ್ದಾಳೋ? ಎಲ್ಲವನ್ನೂ ಹೇಳಿಬಿಟ್ಟ ಮೇಲೆ ನನ್ನೊಳಗೆ ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕಿದೆ. ಹುಡುಕಿದಷ್ಟೂ ಸಿಗುತ್ತಿತ್ತು.

ಅವಳು ಹೊರಗೆ ಬಂದಾಗ ಕೈಯಲ್ಲಿ ಒದ್ದೆ ಫೋಟೋ ಇತ್ತು. ಇಬ್ಬರ ಮುಖವೂ ಒಂದೇ ಸಮ, ಸ್ಪಷ್ಟವಾಗಿ ಬಂದಿತ್ತು.

"ಯಾರು?" ಎಂದೆ. ಊರಿನವರೆಲ್ಲ ನನ್ನನ್ನು ಕೇಳುತ್ತಿದ್ದ ಅದೇ ದನಿ ನನ್ನ ಬಾಯಿಂದ ಬಂತು.

"ಹೇಳಲ್ಲ" ಎಂದಳು ಅಂಬುಜ. ಸಿಟ್ಟಿನಿಂದ ಹೇಳಲಿಲ್ಲ, ಫಾಲ್ ನಾಳೆ ಕೊಡುತ್ತೇನೆ ಎನ್ನುವ ಹಾಗೆ ಹೇಳಿದಳು. "ನೀವೂ ಸ್ವಲ್ಪ ದಿನ ನನ್ನ ಹಾಗೇ ಇರಿ. ನೆಗೆಟಿವ್ ಕೊಡಿ, ಅದು ನನ್ನ ಹತ್ರ ಇರ್ಲಿ."

ಕೊಟ್ಟೆ. ಸೀರೆಯ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಬಂದ ದಾರಿಯಲ್ಲೇ ನಡುರಸ್ತೆಯಲ್ಲಿ ನಡೆದು ಹೋದಳು.

ಆ ಫೋಟೋವನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ ತೂಗುಹಾಕಿದ್ದೇನೆ. ಹಿಟ್ಟು ಬಳಿದಂತಿರುವ ಮುಖದವಳು ನಾನು, ಪಕ್ಕದಲ್ಲಿ ನೆಟ್ಟಗೆ ನಿಂತವಳು ಅಂಬುಜ. ಬಸ್ಸಿಗೆ ಕಾಯುವವರು ಬಂದು ನಿಂತು ನೋಡುತ್ತಾರೆ. ಯಾರು ಕಡೆಗೆ ಬಂದದ್ದು ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಒಬ್ಬರೂ ನಂಬುವುದಿಲ್ಲ. ಗಿರಿಜಾಂಬ ಎರಡು ಸಲ ಬಂದು ಕೇಳಿ ಹೋದರು.

ವಾರಕ್ಕೊಮ್ಮೆ ಒಂದು ಸೀರೆ ಹಿಡಿದುಕೊಂಡು ಅಂಬುಜಳ ಮನೆಗೆ ಹೋಗುತ್ತೇನೆ, ಬಾಗಿಲಿನಿಂದಲೇ ಹೋಗುತ್ತೇನೆ. ಅವಳು ಮಣೆ ಕೊಟ್ಟು ಕೂರಿಸುತ್ತಾಳೆ, ಫಾಲಿನ ಬಣ್ಣ ಹೊಂದಿಸುತ್ತಾಳೆ, ಇಂದುವಿನ ಮದುವೆಯ ತಯಾರಿ ಎಲ್ಲಿಗೆ ಬಂತೆಂದು ವಿಚಾರಿಸುತ್ತಾಳೆ. ಏಳುವ ಹೊತ್ತಿಗೆ ನಾನು ಕಡೆಗೆ ಬಂದದ್ದು ಯಾರೆಂದು ಕೇಳುತ್ತೇನೆ. ಅವಳು ತಲೆ ಅಲ್ಲಾಡಿಸುತ್ತಾಳೆ. ಫಾಲ್ ಹಾಕಿಸದ ಸೀರೆ ನನ್ನ ಹತ್ತಿರ ಇನ್ನು ಎರಡೇ ಉಳಿದಿವೆ.